ಟಾಪ್ ಗೇರ್ ನಿಲ್ಲುತ್ತಿಲ್ಲವೇ? ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಇಷ್ಟು ನೋಡಿ



ಪಾತ್ರೆ, ಒಲೆ, ಸಾಂಬಾರಿನ ಡ್ರಮ್ ಹೊತ್ತ ಗಾಡಿ ದಾರಿಯಲ್ಲಿ ನಿಂತರೆ ನಮ್ಮ ಹೆಸರೇ ಹೋಗುತ್ತದೆ. ನಾಗಪುರದಲ್ಲಿ ಮೇ ತಿಂಗಳ ಬಿಸಿಲು 45 ಡಿಗ್ರಿ ಮುಟ್ಟುತ್ತದೆ, ಮದುವೆಗಳೂ ಆಗಲೇ ಹೆಚ್ಚು. ಅಂಥ ಒಂದು ದಿನ ಬುಟಿಬೋರಿಗೆ ಮದುವೆ ಊಟ ಒಯ್ಯುತ್ತಿದ್ದ ನಮ್ಮ ಪಿಕಪ್‌ನಲ್ಲಿ ಐದನೇ ಗೇರ್ ತಾನಾಗಿ ಕಳಚಿ ನ್ಯೂಟ್ರಲ್‌ಗೆ ಬರತೊಡಗಿತು. ಡ್ರೈವರ್ ನಾಲ್ಕನೇ ಗೇರಿನಲ್ಲೇ ಹೇಗೋ ಮುಟ್ಟಿಸಿದ. ಮರುದಿನ ಒಬ್ಬ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಬೇಕೆಂದ. ಇನ್ನೊಬ್ಬರಿಗೆ ತೋರಿಸಿದೆವು. ಹರಿದಿದ್ದು ಬರೀ ಮೌಂಟಿಂಗ್ ರಬ್ಬರ್! ಅದನ್ನು ಬದಲಿಸಿದ ಮೇಲೆ ಗೇರ್ ಗಟ್ಟಿಯಾಗಿ ನಿಂತಿತು.

ಐದು ಗೇರಿನ ಗಾಡಿಗಳಲ್ಲಿ ಐದನೆಯದು ಸಾಮಾನ್ಯವಾಗಿ ಓವರ್‌ಡ್ರೈವ್. ಅಂದರೆ ಇಂಜಿನ್ ಒಂದು ಸುತ್ತು ತಿರುಗಿದರೆ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ ಒಂದಕ್ಕಿಂತ ಹೆಚ್ಚು ಸುತ್ತುತ್ತದೆ. ಸಪಾಟು ರಸ್ತೆಯಲ್ಲಿ ಡೀಸೆಲ್ ಉಳಿಯುತ್ತದೆ, ಆದರೆ ಎಳೆಯುವ ಬಲ ಕಡಿಮೆ. ಹೇರು ತುಂಬಿದಾಗ, ಏರಿನಲ್ಲಿ ಅದನ್ನು ಹಾಕಬಾರದು.

ತೊಂದರೆ ಕಂಡರೆ, ಕಡಿಮೆ ಖರ್ಚಿನದನ್ನು ಮೊದಲು ನೋಡಿಸಿ:

1. ಗೇರ್ ಆಯಿಲ್: ಮಟ್ಟ ಇಳಿದಿದೆಯೇ, ಸೀಲ್ ಸೋರುತ್ತಿದೆಯೇ? ಆಯಿಲ್ ಕಡಿಮೆಯಾದರೆ ಗೇರ್ ಕೂಗುತ್ತದೆ, ಬೇಗ ಸವೆಯುತ್ತದೆ. ಕಂಪನಿ ಹೇಳಿದ ಗ್ರೇಡನ್ನೇ ಹಾಕಿಸಿ.

2. ಮೌಂಟಿಂಗ್ ರಬ್ಬರ್: ಹರಿದರೆ ಇಂಜಿನ್, ಗೇರ್‌ಬಾಕ್ಸ್ ಅಲುಗಾಡಿ ಗೇರ್ ಕಳಚಬಹುದು.

3. ಕೇಬಲ್, ಲಿಂಕೇಜ್: ಹೊಂದಾಣಿಕೆ ತಪ್ಪಿದರೆ ಗೇರ್ ಅರ್ಧವೇ ಕೂರುತ್ತದೆ.

4. ಕ್ಲಚ್: ಗೇರ್ ಕಳಚದೆ ಇಂಜಿನ್ ಸದ್ದು ಮಾತ್ರ ಏರಿ, ವೇಗ ಏರದಿದ್ದರೆ ಅದು ಕ್ಲಚ್ ಪ್ಲೇಟ್ ಜಾರುವುದು. ಇದಕ್ಕೆ ಗೇರ್ ಬದಲಿಸಿ ಉಪಯೋಗವಿಲ್ಲ.

ಇವೆಲ್ಲ ಸರಿಯಿದ್ದೂ ಕಳಚುತ್ತಿದ್ದರೆ ಮಾತ್ರ ಒಳಗಿನ ಸ್ಪ್ರಿಂಗ್, ಶಿಫ್ಟ್ ಫೋರ್ಕ್, ಸಿಂಕ್ರೊನೈಸರ್ ಸವೆದಿರಬಹುದು. ಆಗ ಬಿಚ್ಚಿಸಲೇಬೇಕು. ಬದಲಿಸಿದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ.

ಆಟೊಮ್ಯಾಟಿಕ್ ಗಾಡಿಯಾದರೆ ಅದರ ಆಯಿಲ್ ಬೇರೆ. ಮಟ್ಟ, ಬಣ್ಣ ನೋಡಿಸಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ತಡಮಾಡಬೇಡಿ. ಓವರ್‌ಡ್ರೈವ್ ಬಟನ್ ಆಫ್ ಆಗಿದ್ದರೆ ಟಾಪ್ ಗೇರ್ ಬೀಳುವುದೇ ಇಲ್ಲ, ಅದನ್ನೂ ನೋಡಿ. ಬಟನ್ ಸರಿಯಿದ್ದರೆ ಸ್ಕ್ಯಾನರ್ ಹಾಕಿ ಸೆನ್ಸರ್, ಸೊಲೆನಾಯ್ಡ್ ಪರೀಕ್ಷಿಸುವ ಕಡೆಗೇ ಒಯ್ಯಿರಿ.

ಕಳಚುವ ಗೇರನ್ನು ಕೈಯಲ್ಲಿ ಒತ್ತಿ ಹಿಡಿದು ಓಡಿಸಲು ಡ್ರೈವರಿಗೆ ಬಿಡಬೇಡಿ, ಫೋರ್ಕ್ ಸವೆಯುತ್ತದೆ. ಮದುವೆ ಸೀಸನ್‌ಗೆ ಮುಂಚೆ ಒಲೆಯ ಪೈಪ್ ನೋಡಿಸುವ ಹಾಗೆ ಗಾಡಿಯ ಅಡಿಯನ್ನೂ ಒಮ್ಮೆ ನೋಡಿಸಿ. ಊಟ ಹೊತ್ತಿಗೆ ಮುಟ್ಟಿದರೇ ನಮ್ಮ ಅಡುಗೆಗೆ ಬೆಲೆ.