ಮೆಡಿಟರೇನಿಯನ್ ಕ್ರೂಸ್: ಹಡಗು ನೋಡಬೇಕೇ, ಬಂದರು ನೋಡಬೇಕೇ?

ಪ್ರಶ್ನೆ: ಬೇಸಿಗೆಯ ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡುವಾಗ ಮುಖ್ಯವಾಗಿ ಏನನ್ನು ಗಮನಿಸಬೇಕು?

ಉತ್ತರ: ಹಡಗಿನ ವೈಭವಕ್ಕಿಂತ ಮೊದಲು, ಅದು ಪ್ರತಿ ಬಂದರಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು. ಪಟ್ಟಿಯಲ್ಲಿ ‘ರೋಮ್’ ಎಂದಿದ್ದರೂ ಹಡಗು ತಂಗುವುದು ಸುಮಾರು 70 ಕಿ.ಮೀ. ದೂರದ ಚಿವಿತಾವೆಕ್ಕಿಯಾದಲ್ಲಿ, ‘ಫ್ಲಾರೆನ್ಸ್’ ಎಂದರೆ ಹೆಚ್ಚಾಗಿ ಲಿವೋರ್ನೊ ಬಂದರು. ಬೆಳಿಗ್ಗೆ 7ಕ್ಕೆ ಬಂದು ಸಂಜೆ 7ಕ್ಕೆ ಹೊರಡುವ ಹಡಗಾದರೆ, ಹೋಗಿಬರುವ ಪ್ರಯಾಣವನ್ನೂ ಮರಳಿ ಹಡಗೇರುವ ಗಡುವನ್ನೂ ಕಳೆದು ರೋಮ್‌ಗೆ ಉಳಿಯುವುದು ಆರೇಳು ಗಂಟೆ ಮಾತ್ರ. ಜುಲೈ–ಆಗಸ್ಟ್‌ನ ಬಿಸಿಲು ಅದನ್ನೂ ಕಡಿತಗೊಳಿಸೀತು: 2023ರ ಜುಲೈನಲ್ಲಿ ಅಥೆನ್ಸ್‌ನ ಅಕ್ರೊಪೊಲಿಸ್ ಅನ್ನು ನಡುಹಗಲು ಮುಚ್ಚಬೇಕಾಯಿತು. ಜೂನ್ ಆರಂಭವೇ ಲೇಸು.

ಊಟ, ಈಜುಕೊಳ, ಮಕ್ಕಳ ಆಟ ಎಲ್ಲ ಸೇರಿರುವ ದೊಡ್ಡ ಹಡಗೇ ಅಗ್ಗವಲ್ಲವೇ ಎಂದು ಕೇಳಬಹುದು. ಹಡಗಿನಲ್ಲೇ ವಿರಾಮ ಬಯಸುವವರಿಗೆ ಅದು ಸರಿ. ಊರು ನೋಡಹೊರಟವರು ಮಾತ್ರ ಟಿಪ್ಸ್, ಪಾನೀಯ, ತೀರದ ಪ್ರವಾಸಗಳ ಖರ್ಚನ್ನು ಕೂಡಿಸಿಯೇ ದರ ಹೋಲಿಸಬೇಕು. ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ನಡುವೆ ಟರ್ಕಿಯ ಕುಶಾದಸಿಯಂಥ ಬಂದರಿದ್ದರೆ ಹಲವು ಪ್ರವೇಶದ ವೀಸಾ ಕೇಳಿ, ಟರ್ಕಿಯ ನಿಯಮವನ್ನೂ ವಿಚಾರಿಸಿ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಸಲ್ಲಿಸಬಹುದು. ಬಂದರಿನ ವೇಳಾಪಟ್ಟಿ ಓದದೆ ಮುಂಗಡ ಕಟ್ಟಬೇಡಿ.