ಮಾಲೇಕಲ್ಲು: ಯಾತ್ರೆ, ಪ್ರವಾಸ, ವಿಹಾರ

ಯಾತ್ರೆ, ಪ್ರವಾಸ, ವಿಹಾರ ಎಂಬ ಮೂರು ಶಬ್ದಗಳನ್ನು ಇಂದು ಒಂದರ ಸ್ಥಾನದಲ್ಲಿ ಮತ್ತೊಂದನ್ನಿಟ್ಟು ಬಳಸುವುದು ರೂಢಿಯಾಗಿದೆ. ಶಬ್ದಮೂಲವನ್ನು ವಿಚಾರಿಸಿದರೆ ಅರ್ಥಭೇದವು ತಾನಾಗಿ ಸ್ಫುಟವಾಗುತ್ತದೆ. ‘ಯಾ’ ಎಂದರೆ ಹೋಗುವುದು, ಅದರಿಂದ ಯಾತ್ರೆ. ‘ವಸ್’ ಎಂದರೆ ನೆಲಸುವುದು; ಮನೆಯನ್ನು ಬಿಟ್ಟು ಬೇರೆಡೆ ನೆಲಸುವುದೇ ಪ್ರವಾಸ. ವಿಹಾರವೆಂದರೆ ಮನಸ್ಸಿಗೆ ಒಗ್ಗಿದಂತೆ ಅಡ್ಡಾಡುವುದು. ಹೋಗುವುದು, ತಂಗುವುದು, ಅಡ್ಡಾಡುವುದು ಈ ಮೂರೂ ಸೇರಿದಾಗ ಒಂದು ಊರನ್ನು ಕಂಡಂತೆ. ಇಂದಿನ ಪ್ರವಾಸಗಳಲ್ಲಿ ಹೋಗುವುದೊಂದೇ ಉಳಿದು, ತಂಗುವ ವ್ಯವಧಾನವು ಲುಪ್ತವಾಗುತ್ತಿದೆ. ಈ ಕೊರತೆಗೆ ಅರಸೀಕೆರೆಯಂಥ ನಿದರ್ಶನ ಮತ್ತೊಂದು ದೊರೆಯಲಾರದು.

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುಮಾರ್ಗದಿಂದ ಹಾಸನ, ಮೈಸೂರುಗಳ ದಾರಿ ಕವಲೊಡೆಯುವುದು ಅರಸೀಕೆರೆಯಲ್ಲಿ. ಬೇಲೂರು, ಹಳೇಬೀಡುಗಳನ್ನು ನೋಡಲು ಈ ಮಾರ್ಗವಾಗಿ ಬರುವವರಲ್ಲಿ ಬಹುಮಂದಿಗೆ ಅರಸೀಕೆರೆಯೆಂದರೆ ಗಾಡಿ ಬದಲಾಯಿಸುವ ನಿಲ್ದಾಣ, ಅಷ್ಟೆ. ಹೊಯ್ಸಳ ರಾಣಿಯೊಬ್ಬಳ ಕೆರೆಯಿಂದ ಹೆಸರು ಪಡೆದ ಊರು ಇದು. ಅರಸಿಯ ಕೆರೆ ಅರಸೀಕೆರೆಯಾಯಿತು. ಊರಿನ ಸನಿಹದಲ್ಲೇ ಒಂದು ಬೆಟ್ಟವಿದೆಯೆಂದಾಗಲಿ, ಊರೊಳಗೇ ಹೊಯ್ಸಳಶಿಲ್ಪದ ಒಂದು ಅಪೂರ್ವ ಕೃತಿಯಿದೆಯೆಂದಾಗಲಿ ದಾರಿಹೋಕರ ಲಕ್ಷ್ಯಕ್ಕೆ ಬರುವುದಿಲ್ಲ.

ಆ ಬೆಟ್ಟವೇ ಮಾಲೇಕಲ್ಲು. ಬಂಡೆಗೂ ಬೆಟ್ಟಕ್ಕೂ ‘ಕಲ್ಲು’ ಎನ್ನುವುದು ಕನ್ನಡದ ಹಳೆಯ ವಾಡಿಕೆ. ಇದೇ ತಾಲ್ಲೂಕಿನ ಸಿದ್ಧೇಶ್ವರಸ್ವಾಮಿಯ ಬೆಟ್ಟಕ್ಕೆ ಜೇನುಕಲ್ಲೆಂಬ ಹೆಸರಿರುವುದನ್ನು ಇಲ್ಲಿ ಸ್ಮರಿಸಬಹುದು. ಮಾಲೇಕಲ್ಲಿನ ಶಿಖರದಲ್ಲಿ ಲಕ್ಷ್ಮೀವೆಂಕಟರಮಣನ ಗುಡಿ, ತಪ್ಪಲಲ್ಲಿ ಗೋವಿಂದರಾಜಸ್ವಾಮಿಯ ಗುಡಿ. ಆದಕಾರಣ ಜನ ಇದನ್ನು ಮಾಲೇಕಲ್ಲು ತಿರುಪತಿಯೆಂದೂ ಚಿಕ್ಕತಿರುಪತಿಯೆಂದೂ ಕರೆಯುತ್ತಾರೆ. ವಸಿಷ್ಠ ಮಹರ್ಷಿಗಳು ತಪಸ್ಸನ್ನಾಚರಿಸಿದ ಎಡೆಯಿದೆಂಬುದು ಸ್ಥಳಪುರಾಣ. ಮೇಲೇರಲು ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳುಂಟು. ಹತ್ತುವವನು ನಡುನಡುವೆ ನಿಲ್ಲಲೇಬೇಕು. ನಿಂತಾಗ ಹಿಂದಿರುಗಿ ನೋಡಲೇಬೇಕು. ತೆಂಗಿನ ತೋಟಗಳು, ರೈಲುಹಳಿ, ಊರಿನ ಮಾಡುಗಳು ಮೆಟ್ಟಿಲುಮೆಟ್ಟಿಲಿಗೂ ಕಿರಿದಾಗುತ್ತ, ದಿಗಂತವು ಹಿರಿದಾಗುತ್ತ ಹೋಗುತ್ತದೆ. ದಣಿವೇ ಇಲ್ಲಿ ನೋಟವನ್ನು ಕಲಿಸುವ ಗುರು.

ಆಷಾಢಮಾಸದ ರಥೋತ್ಸವಕ್ಕೆ ಸುತ್ತಣ ಹಳ್ಳಿಗಳ ಜನಸ್ತೋಮವೇ ಇಲ್ಲಿ ನೆರೆಯುತ್ತದೆ. ಹೊಸದಾಗಿ ಮದುವೆಯಾದ ಹೆಣ್ಣುಮಗಳು ಆಷಾಢದಲ್ಲಿ ತವರಿನಲ್ಲಿರುವುದು ನಾಡಿನ ಪದ್ಧತಿ. ಅಗಲಿದ ದಂಪತಿಗಳಿಗೆ ಆಷಾಢದ ಜಾತ್ರೆಯೊಂದು ಭೇಟಿಯ ನೆಪವೂ ಆಗಿರುತ್ತಿತ್ತು. ದೇವರ ದರ್ಶನ, ಬಳೆಗಾರನ ಮಲಾರ, ಬೆಂಡುಬತ್ತಾಸು, ನೆಂಟರಿಷ್ಟರ ಸಮಾಗಮ ಇವೆಲ್ಲವೂ ಒಂದೇ ದಿನದಲ್ಲಿ ಸೇರಿಹೋಗಿದ್ದವು. ಭಕ್ತಿ ಬೇರೆ, ವಿನೋದ ಬೇರೆ ಎಂಬ ಭೇದವನ್ನು ನಮ್ಮ ಹಿರಿಯರು ಎಣಿಸಿರಲಿಲ್ಲ. ಕಾಲಿಗೆ ಶ್ರಮ, ಕಣ್ಣಿಗೆ ಹಬ್ಬ, ಮನಸ್ಸಿಗೆ ನೆಮ್ಮದಿ, ಇದೇ ಅವರ ವಿಹಾರದ ಲಕ್ಷಣ.

ಬೆಟ್ಟವಿಳಿದು ಊರಿಗೆ ಬಂದರೆ 1220ರ ಸುಮಾರಿನ ಶಿವಾಲಯ ಕಾಣಸಿಗುತ್ತದೆ. ಇದರ ಮುಖಮಂಟಪವು ಚೌಕವಲ್ಲ; ಹದಿನಾರು ಕೋನಗಳುಳ್ಳ ನಕ್ಷತ್ರಾಕಾರ. ಮೇಲೆ ಗುಮ್ಮಟದಂತೆ ಒಳಬಾಗಿದ ಭುವನೇಶ್ವರಿ. ಒಂದು ಚೌಕವನ್ನು ಅದರ ಕೇಂದ್ರವನ್ನು ಕದಲಿಸದೆ ಇಪ್ಪತ್ತೆರಡೂವರೆ ಅಂಶದಂತೆ ಮೂರು ಸಲ ತಿರುಗಿಸಿ ಬರೆದರೆ ಹದಿನಾರು ಮೂಲೆಗಳ ನಕ್ಷತ್ರ ಮೂಡುತ್ತದೆ. ಬಾಲಕರು ಜ್ಯಾಮಿತಿಯ ಪೆಟ್ಟಿಗೆಯಿಂದ ಕಾಗದದ ಮೇಲೆ ಇದನ್ನು ಬರೆದುಕೊಂಡು ಬಂದು ಮಂಟಪದಲ್ಲಿ ನಿಂತು ಮೂಲೆಗಳನ್ನೆಣಿಸಿದರೆ, ಎಂಟು ಶತಮಾನಗಳ ಹಿಂದಿನ ಶಿಲ್ಪಿಯ ಗಣಿತಜ್ಞಾನವು ಕೈಗೆಟುಕುತ್ತದೆ. ಬೇಲೂರು ಹಳೇಬೀಡುಗಳೆರಡನ್ನೂ ಕಂಡವರಿಗೂ ಇಂಥ ಮಂಟಪವು ಹೊಸದೇ. ಅದೇ 1220ರಲ್ಲಿ ರೇಚರಸನೆಂಬ ಮಂತ್ರಿಯು ಇದೇ ಊರಿನಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದನು. ಒಂದೇ ಊರಿನಲ್ಲಿ, ಹೆಚ್ಚುಕಡಮೆ ಒಂದೇ ಕಾಲದಲ್ಲಿ ಶಿವಾಲಯವೂ ಜಿನಾಲಯವೂ ಮೇಲೆದ್ದುದು ಅಂದಿನ ಜನರ ಹೃದಯವೈಶಾಲ್ಯಕ್ಕೆ ಸಾಕ್ಷಿ.

ಇಲ್ಲಿಂದ ಮುಂದಕ್ಕೆ ದಾರಿಯುದ್ದಕ್ಕೂ ಶಿಲ್ಪದ ಸಾಲು. ಕೋಡಿಮಠದಿಂದ ಖ್ಯಾತವಾದ ಹಾರನಹಳ್ಳಿಯಲ್ಲಿ ಸೋಮೇಶ್ವರ, ಲಕ್ಷ್ಮೀನರಸಿಂಹ ದೇವಾಲಯಗಳು. ಜಾವಗಲ್ಲಿನಲ್ಲಿ ಮತ್ತೊಂದು ಲಕ್ಷ್ಮೀನರಸಿಂಹ ದೇವಾಲಯ. ಅನಂತರ ಹಳೇಬೀಡು, ಬೇಲೂರು. ಬೇಲೂರಿನ ಚೆನ್ನಕೇಶವನನ್ನು ವಿಷ್ಣುವರ್ಧನನು ಪ್ರತಿಷ್ಠಿಸಿದ್ದು 1117ರಲ್ಲಿ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು ಕನ್ನಡಿಗರೆಲ್ಲರಿಗೂ ಅಭಿಮಾನದ ಸಂಗತಿ. ಆದರೆ ಪಟ್ಟಿಗೆ ಸೇರಿದ ಊರಿಗೆ ಜನ ಮುಗಿಬೀಳುವುದು, ಸೇರದ ಊರನ್ನು ಕಿಟಕಿಯಿಂದಲೂ ನೋಡದಿರುವುದು ಉಚಿತವಲ್ಲ. ಹಿರಿಯ ಮರದ ನೆರಳಲ್ಲಿ ಕಿರಿಯ ಗಿಡ ಬಾಡಬಾರದು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದ ಶರಣರ ಪರಂಪರೆಯಲ್ಲಿ ಬೆಳೆಯುವ ವಿದ್ಯಾರ್ಥಿಗೆ ಕಲ್ಲಿನ ಗುಡಿಗಳ ದರ್ಶನದಿಂದ ಏನು ಪ್ರಯೋಜನ? ಉತ್ತರವನ್ನು ಕಲ್ಲೇ ಕೊಡುತ್ತದೆ. ಬೇಲೂರಿನ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳನ್ನು ಕೊರೆದಿದೆ. ಅಲ್ಲಮಪ್ರಭುವಿನ ಜನ್ಮಭೂಮಿಯೆಂದು ಪ್ರಸಿದ್ಧವಾದ ಬಳ್ಳಿಗಾವೆಯಿಂದ ಉಳಿ ಹಿಡಿದು ಬಂದವರು ಇವರು. ಜಾವಗಲ್ಲು, ನುಗ್ಗೇಹಳ್ಳಿ, ಸೋಮನಾಥಪುರಗಳಲ್ಲಿ ಮಲ್ಲಿತಮ್ಮನ ಹೆಸರಿದೆ. ಅರಸರ ಬಿರುದಾವಳಿಯ ನಡುವೆ ದುಡಿದವನ ಹೆಸರೂ ಉಳಿದಿರುವುದು ಕಾಯಕದ ಗೌರವವಲ್ಲದೆ ಮತ್ತೇನು? ಗುಡಿ ಸ್ಥಾವರವಿರಬಹುದು, ಅದನ್ನು ಕಡೆದ ಕೈ ಜಂಗಮವೇ. ಹೊಯ್ಸಳ ನರಸಿಂಹನ ಕಾಲದ ವೀರಶೈವ ಕವಿ ಪದ್ಮರಸನು ಬೇಲೂರಿನಲ್ಲಿ ಕೆರೆಯನ್ನು ಕಟ್ಟಿಸಿ ‘ಕೆರೆಯ ಪದ್ಮರಸ’ನೆನಿಸಿದನೆಂಬುದು ಪ್ರತೀತಿ. ಕಾವ್ಯಕ್ಕಿಂತ ಕೆರೆಯೇ ಅವನ ಹೆಸರಿಗೆ ವಿಶೇಷಣವಾಯಿತು. ಗುಡಿ, ಕೆರೆ, ಮೆಟ್ಟಿಲುಗಳನ್ನು ಈ ದೃಷ್ಟಿಯಿಂದ ನೋಡುವ ವಿದ್ಯಾರ್ಥಿಗೆ ಪ್ರವಾಸವೇ ಪಾಠ.

ನೋಡುವುದಕ್ಕೂ ಒಂದು ಶಿಸ್ತು ಬೇಕು. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೃದು. ಗಾಳಿಗೆ ಒಡ್ಡಿಕೊಂಡಂತೆ ಗಡುಸಾಗುತ್ತದೆ. ಅದರ ಮೃದುತ್ವದಿಂದಲೇ ಕೂದಲೆಳೆಯಂಥ ಕುಸುರಿ ಸಾಧ್ಯವಾಯಿತು. ಆದರೂ ಮೊಳೆಯಿಂದ ಗೀಚಿದರೆ ಗಾಯ ಉಳಿದುಬಿಡುತ್ತದೆ. ಶಿಲ್ಪಿ ತನ್ನ ಹೆಸರನ್ನು ಕೊರೆದದ್ದು ಕೆಲಸವನ್ನು ಮುಗಿಸಿದ ಅಧಿಕಾರದಿಂದ. ಏನನ್ನೂ ಮಾಡದವನು ತನ್ನ ಹೆಸರನ್ನು ಗೀಚುವುದು ಯಾವ ಅಧಿಕಾರದಿಂದ? ರಾಷ್ಟ್ರೀಯ ಮಹತ್ವದ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ 1958ರ ಕಾಯಿದೆಯು 2010ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಆದರೆ ಕಾಯಿದೆಗೆ ಕಣ್ಣಿಲ್ಲ. ನೋಡಿ ಪ್ರೀತಿಸಿದ ಜನರ ಕಣ್ಣೇ ಸ್ಮಾರಕಕ್ಕೆ ನಿಜವಾದ ಕಾವಲು. ಯಾರೂ ತಂಗದ ಊರಿಗೆ ಆ ಕಾವಲೂ ಇರುವುದಿಲ್ಲ.

ಆದುದರಿಂದ ಶಾಲೆಯ ಪ್ರವಾಸವು ದೂರದ ಊರಿಗಿಂತ ಮೊದಲು ಹತ್ತಿರದ ಬೆಟ್ಟದಿಂದ ಆರಂಭವಾಗುವುದು ಶ್ರೇಯಸ್ಕರ. ಬಿಸಿಲೇರುವ ಮುನ್ನ ಮಾಲೇಕಲ್ಲನ್ನು ಹತ್ತಿ ಇಳಿಯುವುದು. ಮಧ್ಯಾಹ್ನ ಎಲ್ಲರೂ ಒಂದೇ ಪಂಕ್ತಿಯಲ್ಲಿ ಬುತ್ತಿಯನ್ನು ಹಂಚಿಕೊಂಡು ಉಣ್ಣುವುದು. ಅಪರಾಹ್ಣ ಶಿವಾಲಯದ ಮಂಟಪದ ರೇಖಾಚಿತ್ರವನ್ನು ಬರೆಯುವುದು. ರಾತ್ರಿ ಅಲ್ಲಿಯೇ ತಂಗುವುದು. ಮರುದಿನ ಹಾರನಹಳ್ಳಿ, ಜಾವಗಲ್ಲುಗಳ ದಾರಿಯಾಗಿ ಹಳೇಬೀಡು, ಬೇಲೂರು. ಈ ಕ್ರಮದಲ್ಲಿ ಹೋದ ಬಾಲಕನು ಬೇಲೂರನ್ನು ತಲಪುವ ಹೊತ್ತಿಗೆ ನೋಡಬಲ್ಲವನಾಗಿರುತ್ತಾನೆ. ಹಿರಿಯ ವಿದ್ಯಾರ್ಥಿಗಳು ಜತೆಗೂಡಿ ನಡೆದರೆ, ದಾನಿಗಳು ಒಂದು ರಾತ್ರಿಯ ವಸತಿಗೆ ನೆರವಾದರೆ, ಅಧ್ಯಾಪಕರು ಒಂದು ಕೈಹೊತ್ತಗೆಯನ್ನು ಸಿದ್ಧಪಡಿಸಿದರೆ ಇದು ದುಸ್ಸಾಧ್ಯವೇನಲ್ಲ.

ದಾಸೋಹವೆಂದರೆ ಅನ್ನವನ್ನು ಬಡಿಸುವುದಷ್ಟೇ ಅಲ್ಲ. ಅರಿವನ್ನು ಬಡಿಸುವುದೂ ದಾಸೋಹವೇ. ಅರಸೀಕೆರೆಯಲ್ಲಿ ಗಾಡಿ ಬದಲಾಯಿಸುವವರಲ್ಲಿ ಕೆಲವರಾದರೂ ಚೀಲವನ್ನಿಳಿಸಿ ಒಂದು ದಿನ ಅಲ್ಲಿ ತಂಗುವಂತಾಗಲಿ. ಆಗ ಪ್ರವಾಸವೆಂಬ ಶಬ್ದಕ್ಕೆ ಅದರ ಅರ್ಥ ಮರಳಿ ದೊರೆಯುತ್ತದೆ.