ಕ್ಯಾಮ್ ಹಾಕಿಸೋ ಮುಂಚೆ ಈ ಎರಡು ಮಿಲಿಮೀಟರ್ ಲೆಕ್ಕ ನೋಡ್ಕೊಳ್ಳಿ

ಹೋದ ವಾರ ಒಬ್ಬ ಕೇಳುಗರು ಮೆಸೇಜ್ ಮಾಡಿದ್ರು: "ಬೈಕಿಗೆ ಹೈ ಲಿಫ್ಟ್ ಕ್ಯಾಮ್ ತರಿಸಿದೀನಿ, ಭಾನುವಾರ ಹಾಕಿಸ್ತೀನಿ. ಏನಾದ್ರೂ ನೋಡ್ಕೋಬೇಕಾ?" ನೋಡ್ಕೋಬೇಕು. ನಾನು ನೋಡ್ಕೊಳ್ಳದೇ ಕೈ ಸುಟ್ಕೊಂಡವನು.

ಎರಡು ವರ್ಷದ ಹಿಂದೆ ನನ್ನ ಸಿಂಗಲ್ ಸಿಲಿಂಡರ್ ಬೈಕಿಗೆ ಒಂದು ಗ್ಯಾರೇಜಲ್ಲಿ ಹೊಸ ಕ್ಯಾಮ್ ಹಾಕಿಸ್ದೆ. "ಅಳತೆ ನೋಡಿದ್ರಾ?" ಅಂತ ಕೇಳಿದ್ದಕ್ಕೆ "ಏನಾಗಲ್ಲ ಬಿಡಿ ಸರ್" ಅಂದ್ರು. ನಾನೂ ಬಿಟ್ಟೆ. ಮೂರನೇ ದಿನ ಹೈವೇಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಟಕ್ ಅಂತ ಒಂದು ಸದ್ದು. ಆಮೇಲೆ ಕಿಕ್ಕರ್ ಹೊಡೆದ್ರೆ ಕಂಪ್ರೆಷನ್ನೇ ಇಲ್ಲ. ಎಕ್ಸಾಸ್ಟ್ ವಾಲ್ವ್ ಬಗ್ಗಿತ್ತು. ಕ್ಯಾಮ್‌ಗೆ ಕೊಟ್ಟ ದುಡ್ಡಿನ ಮೂರು ಪಟ್ಟು ರಿಪೇರಿಗೆ ಹೋಯ್ತು. ಬಿಕಾಂ ಓದಿದವನು, ಖರ್ಚು ಮಾಡೋ ಮುಂಚೆ ರಿಸ್ಕ್ ಲೆಕ್ಕ ಹಾಕಬೇಕು ಅನ್ನೋದನ್ನೇ ಮರೆತಿದ್ದೆ.

ಡಿಕ್ಕಿ ಆಗೋದು ಎಲ್ಲಿ?

ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಬರುತ್ತೆ, ವಾಲ್ವ್ ಕೆಳಗೆ ಇಳಿಯುತ್ತೆ. ಇಬ್ಬರಿಗೂ ಜಾಗ ಒಂದೇ. ಯಾರು ಯಾವಾಗ ಬರಬೇಕು ಅನ್ನೋ ಟೈಮ್ ಟೇಬಲ್ ಕ್ಯಾಮ್ ಕೈಯಲ್ಲಿದೆ. ಕ್ಯಾಮ್ ಬದಲಾಯಿಸಿದ್ರೆ ಟೈಮ್ ಟೇಬಲ್ಲೇ ಬದಲಾದ ಹಾಗೆ.

ವಾಲ್ವ್ ಪೂರ್ತಿ ತೆರೆದಾಗ ಡಿಕ್ಕಿ ಆಗುತ್ತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಹಾಗಲ್ಲ. ಆ ಹೊತ್ತಿಗೆ ಪಿಸ್ಟನ್ ಎಷ್ಟೋ ಕೆಳಗೆ ಹೋಗಿರುತ್ತೆ. ಅಪಾಯ ಇರೋದು ಎಕ್ಸಾಸ್ಟ್ ಸ್ಟ್ರೋಕ್ ಮುಗಿದು ಇನ್‌ಟೇಕ್ ಶುರುವಾಗೋ ಹೊತ್ತಲ್ಲಿ. ಆಗ ಎರಡೂ ವಾಲ್ವ್ ಸ್ವಲ್ಪ ಸ್ವಲ್ಪ ತೆರೆದಿರುತ್ತೆ, ಪಿಸ್ಟನ್ ತುತ್ತತುದಿಯಲ್ಲಿರುತ್ತೆ. ಇದನ್ನೇ ಓವರ್‌ಲ್ಯಾಪ್ ಅನ್ನೋದು. ಸಾಮಾನ್ಯವಾಗಿ ಟಿಡಿಸಿಗೆ, ಅಂದ್ರೆ ಪಿಸ್ಟನ್ ತುದಿ ಮುಟ್ಟೋ ಜಾಗಕ್ಕೆ, ಸುಮಾರು 10 ಡಿಗ್ರಿ ಮುಂಚೆ ಎಕ್ಸಾಸ್ಟ್ ವಾಲ್ವ್ ಹತ್ತಿರ ಬರುತ್ತೆ, ಸುಮಾರು 10 ಡಿಗ್ರಿ ಆದ್ಮೇಲೆ ಇನ್‌ಟೇಕ್ ಹತ್ತಿರ ಬರುತ್ತೆ. ಅದಕ್ಕೇ ಒಂದೇ ಲಿಫ್ಟ್ ಇರೋ ಎರಡು ಕ್ಯಾಮ್‌ನಲ್ಲಿ ಒಂದು ಸೇಫ್, ಇನ್ನೊಂದು ಡೇಂಜರ್ ಆಗಬಹುದು. ಲಿಫ್ಟ್ ಜೊತೆಗೆ ಟಿಡಿಸಿಯಲ್ಲಿ ವಾಲ್ವ್ ಎಷ್ಟು ತೆರೆದಿರುತ್ತೆ ಅಂತಾನೂ ಕೇಳಿ.

ಎಷ್ಟು ಗ್ಯಾಪ್ ಬೇಕು?

ಬಿಲ್ಡರ್‌ಗಳು ಸಾಮಾನ್ಯವಾಗಿ ಇಟ್ಕೊಳ್ಳೋ ಲೆಕ್ಕ: ಇನ್‌ಟೇಕ್‌ಗೆ ಕನಿಷ್ಠ 2 ಮಿಲಿಮೀಟರ್, ಎಕ್ಸಾಸ್ಟ್‌ಗೆ 2.5 ಮಿಲಿಮೀಟರ್. ಕ್ಯಾಮ್ ಮಾಡಿದವರು ಬೇರೆ ನಂಬರ್ ಕೊಟ್ಟಿದ್ರೆ ಅದೇ ಕೊನೆ ಮಾತು.

ಎಕ್ಸಾಸ್ಟ್‌ಗೆ ಯಾಕೆ ಜಾಸ್ತಿ? ಅದು ಹೆಚ್ಚು ಬಿಸಿಯಾಗಿ ಉದ್ದ ಆಗುತ್ತೆ. ಜೊತೆಗೆ, ಅದು ಮುಚ್ಚೋ ಹೊತ್ತಲ್ಲಿ ಪಿಸ್ಟನ್ ಹಿಂದೆಯೇ ಅಟ್ಟಿಸ್ಕೊಂಡು ಬರ್ತಿರುತ್ತೆ. 8000 ಆರ್‌ಪಿಎಂನಲ್ಲಿ ಒಂದು ವಾಲ್ವ್ ಸೆಕೆಂಡಿಗೆ ಸುಮಾರು 67 ಸಲ ತೆರೆದು ಮುಚ್ಚುತ್ತೆ. ಸ್ಪ್ರಿಂಗ್ ಚೂರು ಸೋತ್ರೂ ಪಿಸ್ಟನ್ ಬಂದು ಗುದ್ದುತ್ತೆ. ನನ್ನ ಬೈಕಲ್ಲಿ ಆಗಿದ್ದೂ ಇದೇ.

ಕ್ಲೇ ಇಟ್ಟು ನೋಡೋದು

ಮಕ್ಕಳು ಆಡೋ ಕ್ಲೇ ಸಾಕು. ಹೆಡ್ ಬಿಚ್ಚಿ, ಪಿಸ್ಟನ್ ಮೇಲೆ ವಾಲ್ವ್ ಬರೋ ಜಾಗದಲ್ಲಿ ಕ್ಲೇ ಅಂಟಿಸಿ. ವಾಲ್ವ್‌ಗೆ ಚೂರು ಆಯಿಲ್ ಸವರಿ, ಇಲ್ಲಾಂದ್ರೆ ಕ್ಲೇ ಅದಕ್ಕೇ ಅಂಟ್ಕೊಂಡು ಕಿತ್ತು ಬರುತ್ತೆ. ಕೊನೆಗೆ ಹಾಕೋ ದಪ್ಪದ್ದೇ ಗ್ಯಾಸ್ಕೆಟ್ ಇಟ್ಟು ಹೆಡ್ ಸರಿಯಾಗಿ ಬಿಗಿ ಮಾಡಿ. ಟೈಮಿಂಗ್ ಚೈನ್, ಟೆನ್ಷನರ್ ಎಲ್ಲ ಕೂರಿಸಿ. ಚೈನ್ ಸಡಿಲ ಇದ್ರೆ ಅಳತೆಯೇ ಸುಳ್ಳು. ಟ್ಯಾಪೆಟ್ ಸೆಟ್ ಮಾಡೋದನ್ನೂ ಮರೀಬೇಡಿ.

ಈಗ ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಲ್ಲೇ, ನಿಧಾನಕ್ಕೆ, ಎಂಜಿನ್ ತಿರುಗೋ ದಿಕ್ಕಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಕ್ರ್ಯಾಂಕ್ ಎರಡು ಸುತ್ತು ಹಾಕಿದ್ರೆ ಕ್ಯಾಮ್ ಒಂದು ಸುತ್ತು, ಅದಕ್ಕೇ ಎರಡು. ಎಲ್ಲಾದ್ರೂ ಗಟ್ಟಿಯಾಗಿ ತಡೆದ್ರೆ ನಿಲ್ಲಿಸಿಬಿಡಿ, ಬಲ ಹಾಕ್ಬೇಡಿ. ಸೆಲ್ಫ್ ಸ್ಟಾರ್ಟ್ ಅಂತೂ ಮುಟ್ಟಲೇಬೇಡಿ.

ಹೆಡ್ ಮತ್ತೆ ಬಿಚ್ಚಿದ್ರೆ ಕ್ಲೇ ಮೇಲೆ ವಾಲ್ವ್ ಅಚ್ಚು ಬಿದ್ದಿರುತ್ತೆ. ಬ್ಲೇಡಲ್ಲಿ ಅಡ್ಡ ಕೊಯ್ದು, ಎಲ್ಲಕ್ಕಿಂತ ತೆಳುವಾದ ಜಾಗವನ್ನ ವರ್ನಿಯರ್ ಕ್ಯಾಲಿಪರಲ್ಲಿ ಅಳೀರಿ. ಅದೇ ನಿಮ್ಮ ಗ್ಯಾಪ್. ಇನ್ನೂ ನಿಖರವಾಗಿ ಬೇಕಂದ್ರೆ ಡಯಲ್ ಗೇಜ್ ಇರೋ ಮಷಿನ್ ಶಾಪಲ್ಲಿ ಮಾಡಿಸಿ.

ಗ್ಯಾಪ್ ಕಮ್ಮಿ ಬಂದ್ರೆ?

ದಾರಿಗಳಿವೆ, ಪ್ರತಿಯೊಂದಕ್ಕೂ ಬೆಲೆ ಇದೆ. ಪಿಸ್ಟನ್ ಮೇಲೆ ವಾಲ್ವ್ ಪಾಕೆಟ್ ಆಳ ಮಾಡಿಸಬಹುದು, ಆದ್ರೆ ಪಿಸ್ಟನ್ ತಲೆ ತೆಳುವಾಗಿ ತೂತು ಬೀಳಬಾರದು. ದಪ್ಪ ಗ್ಯಾಸ್ಕೆಟ್ ಹಾಕಬಹುದು, ಕಂಪ್ರೆಷನ್ ಇಳಿಯುತ್ತೆ. ಕ್ಯಾಮ್ ಟೈಮಿಂಗ್ ಸರಿಸಬಹುದು: ಮುಂದಕ್ಕೆ ಸರಿಸಿದ್ರೆ ಇನ್‌ಟೇಕ್ ಗ್ಯಾಪ್ ಕಮ್ಮಿ ಆಗುತ್ತೆ, ಹಿಂದಕ್ಕೆ ಸರಿಸಿದ್ರೆ ಎಕ್ಸಾಸ್ಟ್‌ದು. ಏನೇ ಬದಲಾಯಿಸಿದ್ರೂ ಮತ್ತೆ ಮೊದಲಿಂದ ಅಳೀಬೇಕು. ಯಾವುದೂ ಆಗಲ್ಲ ಅಂದ್ರೆ ಕ್ಯಾಮ್ ವಾಪಸ್ ಕಳಿಸಿ. ಅದರಲ್ಲಿ ನಾಚಿಕೆ ಪಡೋದೇನಿಲ್ಲ.

ಮೆಸೇಜ್ ಮಾಡಿದ ಗೆಳೆಯರೇ, ಭಾನುವಾರ ಗ್ಯಾರೇಜಿಗೆ ಹೋಗುವಾಗ ಒಂದು ಪ್ಯಾಕೆಟ್ ಕ್ಲೇ ತಗೊಂಡು ಹೋಗಿ. "ಏನಾಗಲ್ಲ ಬಿಡಿ" ಅಂದ್ರೆ ಬಿಡಬೇಡಿ. "ಅಳೆದು ತೋರಿಸಿ" ಅನ್ನಿ. ಎಷ್ಟು ಬಂತು ಅಂತ ನನಗೂ ಹೇಳಿ. ಮುಂದಿನ ವಾರ ಸಿಗೋಣ.